ಆರುನೂರು ಸಾಲಿಗೆ ಮೂರು ವಾರವೇ?

"ಇರುವುದೇ 600 ಸಾಲು, ಅದೂ ಸರಳ ಡಿಎಂಎ. ನೋಡಲು ಮೂರು ವಾರ ಏಕೆ?" ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ, ಸೇರಬೇಕಾದ ಡ್ರೈವರ್‌ಗಳನ್ನು (ಹಾರ್ಡ್‌ವೇರ್ ನಡೆಸುವ ಕೋಡನ್ನು) ಓದಿ ತಪ್ಪು ಹುಡುಕುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ಕ್ಯಾಂಟೀನಿನಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ. ಒಬ್ಬ ಸಹೋದ್ಯೋಗಿಯಂತೂ ನನ್ನ ತಂಗಿಯ ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು. ಇನ್ನು ಬಾಯಲ್ಲಿ ಹೇಳಲಾರೆ.

ಮೊದಲು ಆ 'ಸರಳ' ಎಂಬ ಮಾತನ್ನು ಬಿಡಿ. ಪ್ರೊಸೆಸರ್‌ಗೆ ತೊಂದರೆ ಕೊಡದೆ ದತ್ತಾಂಶ ಸಾಗಿಸುವುದು ಡಿಎಂಎ ನಿಯಂತ್ರಕದ ಕೆಲಸ. ನನ್ನ ಮುಂದಿದ್ದ ಈ ನಿಯಂತ್ರಕದಲ್ಲಿ ಸಾಗಿಸುವ ಚಾನೆಲ್ ಒಂದು, ಆಜ್ಞೆ ಬರೆಯುವ ರಿಜಿಸ್ಟರ್ ನಾಲ್ಕು: ಎಲ್ಲಿಂದ, ಎಲ್ಲಿಗೆ, ಎಷ್ಟು, ಶುರು. ಸರಳವಾದದ್ದು ಹಾರ್ಡ್‌ವೇರ್, ಡ್ರೈವರ್ ಅಲ್ಲ. ಮೆಮೊರಿಯಲ್ಲಿ ಚದುರಿದ ಹತ್ತು ತುಂಡುಗಳ ಪಟ್ಟಿ ಕೊಟ್ಟರೆ ದೊಡ್ಡ ನಿಯಂತ್ರಕ ತಾನೇ ಓದಿಕೊಂಡು ಮುಗಿಸುತ್ತದೆ. ಇದಕ್ಕೆ ಪಟ್ಟಿ ಓದಲು ಬರುವುದಿಲ್ಲ. ತುಂಡು ತುಂಡಿಗೂ ಇಂಟರಪ್ಟ್ (ಪ್ರೊಸೆಸರನ್ನು ತಡೆದು ಕರೆಯುವ ಸಂಕೇತ) ಕೊಟ್ಟು 'ಮುಂದೇನು?' ಎಂದು ಡ್ರೈವರ್‌ನ ಮುಖ ನೋಡುತ್ತದೆ.

ಹೋಳಿಗೆಯವರದೇ ಆ ಡ್ರೈವರ್. ಕೆಲಸ ಮುಗಿದ ಸುದ್ದಿ ಮುಟ್ಟಿಸುವ ಕಾಲ್‌ಬ್ಯಾಕನ್ನು ಅವರು ಸ್ಪಿನ್‌ಲಾಕ್ ಎಂಬ ಬೀಗ (ಒಮ್ಮೆಗೆ ಒಬ್ಬರಿಗೇ, ಉಳಿದವರು ಕಾಯುತ್ತಲೇ ಇರಬೇಕು) ಹಿಡಿದುಕೊಂಡೇ ಕರೆದಿದ್ದರು. ಡಿಎಂಎ ಎಂಜಿನ್‌ನ, ಅಂದರೆ ಕರ್ನಲ್‌ನ ಡಿಎಂಎ ವಿಭಾಗದ, ನಿಯಮದಂತೆ ಆ ಕಾಲ್‌ಬ್ಯಾಕ್‌ನೊಳಗಿಂದಲೇ ಮುಂದಿನ ಕೆಲಸ ಒಪ್ಪಿಸಬಹುದು. ಒಪ್ಪಿಸಹೋದರೆ ಅದೇ ಬೀಗ ಬೇಕು, ಹಿಡಿದವರು ಇನ್ನೂ ಬಿಟ್ಟಿಲ್ಲ. ಅಲ್ಲಿಗೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ. "ನಮ್ಮ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತಲ್ಲ ಸಾರ್" ಎಂದರು. ಇತ್ತು. ಅವರ ಪರೀಕ್ಷೆ ಕಾಲ್‌ಬ್ಯಾಕ್‌ನೊಳಗಿಂದ ಏನನ್ನೂ ಒಪ್ಪಿಸುತ್ತಿರಲಿಲ್ಲ. ಎಲೆಯ ಮೇಲೆ ಬೆರಳಿನಿಂದ ಚಿತ್ರ ಬರೆದು ವಿವರಿಸಿದೆ. ಅವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮೂರು ವಾರದಲ್ಲಿ ಓದಿದ್ದು ಎರಡೇ ದಿನ, ಒಪ್ಪುತ್ತೇನೆ. ಸರದಿಯಲ್ಲಿ ಬೇರೆಯವರ ಪ್ಯಾಚ್‌ಗಳು (ಕೋಡ್ ಬದಲಾವಣೆಗಳು) ಇದ್ದವು. ಮದುವೆಯೂ ಇತ್ತು, ನಾನೇ ಕರೆದಿದ್ದೆ.

ಎಷ್ಟು ದಿನ ಎಂದು ಕೇಳುವ ಬದಲು, 'ನಿಲ್ಲಿಸು ಎಂದರೆ ನಿಲ್ಲುತ್ತದೆಯೇ?' ಎಂದು ಒಬ್ಬರಾದರೂ ಕೇಳಬಾರದೇ? ಓಡಿಸುವ ಕೋಡನ್ನು ಎಲ್ಲರೂ ಅಕ್ಕರೆಯಿಂದ ಬರೆಯುತ್ತಾರೆ, ನಿಲ್ಲಿಸುವ ಕೋಡನ್ನು ಮನೆಗೆ ಹೊರಡುವ ಹೊತ್ತಿಗೆ ಗೀಚುತ್ತಾರೆ. 'ಶುರು' ಎಂದು ಹೇಳುವ ಬಿಟ್ ಅಳಿಸಿದ ಮಾತ್ರಕ್ಕೆ ಅರ್ಧ ದಾರಿಯಲ್ಲಿರುವ ದತ್ತಾಂಶ ಹಿಂದಿರುಗುವುದಿಲ್ಲ. ನಿಂತದ್ದು ಖಾತ್ರಿಯಾಗುವ ಮೊದಲೇ ಬಫರ್ (ದತ್ತಾಂಶಕ್ಕೆಂದು ಪಡೆದ ಮೆಮೊರಿ) ಬಿಟ್ಟುಕೊಟ್ಟರೆ ಕರ್ನಲ್ ಆ ಪುಟವನ್ನು ಇನ್ನೊಬ್ಬರಿಗೆ ಕೊಡುತ್ತದೆ, ಡಿಎಂಎ ಅದರ ಮೇಲೆ ಬರೆಯುತ್ತದೆ. ಕೆಡುವುದು ಪಕ್ಕದವರ ಮೆಮೊರಿ. ಬೈಗುಳ ತಿನ್ನುವವರೂ ಪಕ್ಕದವರೇ.

ಎರಡನೆಯ ಆವೃತ್ತಿ ನಿನ್ನೆ ಬಂದಿದೆ. ಬೀಗದ ತಪ್ಪು ಸರಿಯಾಗಿದೆ. ನಿಲ್ಲಿಸುವ ಫಂಕ್ಷನ್‌ನಲ್ಲಿ ಈಗಲೂ ಎರಡೇ ಸಾಲು: ಬಿಟ್ ಅಳಿಸು, ಸೊನ್ನೆ (ಅಂದರೆ 'ಎಲ್ಲ ಸರಿ') ಹಿಂದಿರುಗಿಸು.