ಮೊದಲ ಸ್ಟೌಟ್ ಯಾವುದು ಕೊಡಿಸೋದು?

ಸ್ಟೌಟ್ ಅನ್ನುವ ಕಪ್ಪು ಬಿಯರ್ ತುಂಬಿದ ಗ್ಲಾಸ್ ಟೇಬಲ್ಲಿಗೆ ಬಂದ ಕೂಡಲೇ ಹೊಸಬರು ಕೇಳುವುದು ಒಂದೇ ಪ್ರಶ್ನೆ. "ಇದು ಸಿಕ್ಕಾಪಟ್ಟೆ ಸ್ಟ್ರಾಂಗ್ ಅಲ್ವಾ?" ಕೇಳುವವರು ವಾರ ವಾರ ನಾಕೌಟ್ ಕುಡಿಯುವವರೇ ಆಗಿರುತ್ತಾರೆ, ಆ ಮಾತು ಬೇರೆ. ಎಂಆರ್‌ಪಿ ಅಂಗಡಿಯಲ್ಲಿ ಸಿಗುವ ಸ್ಟ್ರಾಂಗ್ ಬಿಯರ್‌ಗಳ ಲೇಬಲ್ ಒಮ್ಮೆ ಓದಿ ನೋಡಿ, ಆಲ್ಕೋಹಾಲ್ ಗರಿಷ್ಠ 8% ಅಂತ ಇರುತ್ತದೆ. ಮಾಮೂಲಿ ಕಿಂಗ್‌ಫಿಶರ್ ಪ್ರೀಮಿಯಂ ಸುಮಾರು 4.8%. ಎಲ್ಲರೂ ಫೋಟೋ ಹಾಕುವ ಡಬ್ಲಿನ್‌ನ ಸ್ಟೌಟ್, ಗಿನ್ನೆಸ್ ಡ್ರಾಫ್ಟ್, ಎಷ್ಟು ಗೊತ್ತಾ? 4.2%. ಹೊಟ್ಟೆ ಭಾರ ಆಗುತ್ತೆ ಅನ್ನೋದೂ ಅಷ್ಟೇ. 355 ಎಂಎಲ್ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಇರೋದು ಸುಮಾರು 125 ಕ್ಯಾಲೊರಿ. ಎಷ್ಟೋ ಹಳದಿ ಲಾಗರ್‌ಗಳಲ್ಲಿ, ಅಂದರೆ ಕಿಂಗ್‌ಫಿಶರ್ ಥರದ ಮಾಮೂಲಿ ಬಿಯರ್‌ಗಳಲ್ಲಿ, ಇದಕ್ಕಿಂತ ಜಾಸ್ತಿ ಇರುತ್ತದೆ.

ಬಣ್ಣ ಬರುವುದು ಹುರಿದ ಬಾರ್ಲಿಯಿಂದ. 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕರ‍್ರಗಾಗುವ ತನಕ ಹುರಿಯುತ್ತಾರೆ. 1817ರಲ್ಲಿ ಡೇನಿಯಲ್ ವೀಲರ್ ಅನ್ನುವ ಇಂಗ್ಲಿಷ್‌ನವನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಹುರಿಯುವ ತಿರುಗುವ ಡ್ರಮ್ಮಿಗೆ ಪೇಟೆಂಟ್ ತೆಗೆದುಕೊಂಡ. ಆಮೇಲೆ ಸ್ವಲ್ಪವೇ ಕರಿ ಮಾಲ್ಟ್ ಹಾಕಿ ಇಡೀ ಪೀಪಾಯಿ ಕಪ್ಪು ಮಾಡುವುದು ಸುಲಭವಾಯಿತು. ಐರಿಷ್ ಶೈಲಿಯ ಡ್ರೈ, ಅಂದರೆ ಸಿಹಿ ಇಲ್ಲದ, ಸ್ಟೌಟ್‌ನಲ್ಲಿ ಈ ಹುರಿದ ಧಾನ್ಯ ಒಟ್ಟು ಧಾನ್ಯದ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟೇ. ಉಳಿದದ್ದರಲ್ಲಿ ಬಹುಪಾಲು ಹಳದಿ ಬಿಯರ್‌ಗೆ ಬಳಸುವಂಥದೇ ಮಾಲ್ಟ್. ಆಲ್ಕೋಹಾಲ್ ಆಗುವುದು ಮುಖ್ಯವಾಗಿ ಆ ಮಾಲ್ಟಿನ ಸಕ್ಕರೆಯಿಂದ. ಕರಿ ಬಾರ್ಲಿ ಕೊಡುವುದು ಬಣ್ಣ, ವಾಸನೆ, ಕಹಿ. ಆ ಕಹಿ ನಮಗೆ ಹೊಸದೇನಲ್ಲ, ಚಿಕೋರಿ ಹಾಕಿದ ಗಟ್ಟಿ ಡಿಕಾಕ್ಷನ್‌ನಲ್ಲಿ ಇರುವಂಥದೇ.

ಈಚೆಗೆ ಚಿಕ್ಕಪ್ಪನ ಮಗ ತಿಪಟೂರಿನಿಂದ ಬಂದಿದ್ದ. ಬೆಂಗಳೂರಿಗೆ ಬಂದಾಗಲೆಲ್ಲ ವೀಟ್ ಬಿಯರ್ ಕುಡಿದು ಹೋಗುವ ಗಿರಾಕಿ. ಈ ಸಲ ಅವನೇ "ಅಣ್ಣಾ, ಆ ಕಪ್ಪುದು ಒಂದ್ಸಲ ನೋಡೋಣ" ಅಂದ. ಇಂದಿರಾನಗರದ ಒಂದು ಬ್ರೂವರಿಗೆ ಹೋಗಿ, ದೊಡ್ಡ ಮಗ್ ಬೇಡ, ಚಿಕ್ಕ ಗ್ಲಾಸಿನ ಸ್ಯಾಂಪಲ್ ಕೊಡಿ ಅಂತ ಕೇಳಿದೆವು. ಬಂತು. ಮುಟ್ಟಲೇ ಇಲ್ಲ ಪುಣ್ಯಾತ್ಮ. ಗ್ಲಾಸಿನ ಹಿಂದೆ ಫೋನಿನ ಟಾರ್ಚ್ ಹಿಡಿದು ತೋರಿಸಿದೆ. ಕಪ್ಪು ಅಂದುಕೊಂಡದ್ದು ಅಂಚಿನಲ್ಲಿ ಕಡು ಕೆಂಪಾಗಿ ಹೊಳೆಯಿತು. "ಅರೆ, ಇದು ಕೆಂಪು!" ಅಂತ ಎತ್ತಿ ಒಂದು ಗುಟುಕು ಕುಡಿದ. ಮುಖ ಒಂಚೂರು ಸಿಂಡರಿಸಿದ. ಎರಡನೇ ಗುಟುಕಿಗೆ "ಕಾಫಿ ಪುಡಿ ವಾಸನೆ ಬರ್ತಾ ಇದೆ" ಅಂದ. ಮೂರನೆಯದಕ್ಕೆ ಏನೂ ಹೇಳಲಿಲ್ಲ, ಗ್ಲಾಸ್ ಖಾಲಿ.

ಹೊಸಬರಿಗೆ ಸ್ಟೌಟ್ ಆರಿಸುವ ಮುಂಚೆ ನಾನು ಕೇಳುವುದು ಇಷ್ಟೇ: ಕಾಫಿಗೆ ಎಷ್ಟು ಸಕ್ಕರೆ ಹಾಕಿಕೊಳ್ತೀರಿ? ಸಕ್ಕರೆ ಇಲ್ಲದೆ ಕುಡಿಯುವವರಿಗೆ ಕಣ್ಣು ಮುಚ್ಚಿ ಐರಿಷ್ ಡ್ರೈ ಸ್ಟೌಟ್ ಕೊಡಿಸಬಹುದು. ಗಿನ್ನೆಸ್ ಆಗಲಿ, ಕಾರ್ಕ್ ಊರಿನ ಮರ್ಫಿಸ್, ಬೀಮಿಷ್ ಆಗಲಿ. ಮರ್ಫಿಸ್ 4%, ಕಹಿ ಗಿನ್ನೆಸ್‌ಗಿಂತ ಸ್ವಲ್ಪ ಕಡಿಮೆ. ಐರ್ಲೆಂಡಿಗೋ ಇಂಗ್ಲೆಂಡಿಗೋ ಹೋದವರು ಅದನ್ನೇ ಮೊದಲು ಕೇಳಿ ಅಂತ ನನ್ನ ಸಲಹೆ.

ಎರಡು ಚಮಚ ಸಕ್ಕರೆಯವರಿಗೆ ಓಟ್‌ಮೀಲ್ ಸ್ಟೌಟ್ ಅಥವಾ ಮಿಲ್ಕ್ ಸ್ಟೌಟ್. ಮಿಲ್ಕ್ ಸ್ಟೌಟ್‌ಗೆ ಸುರಿಯುವುದು ಹಾಲನ್ನಲ್ಲ, ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಬಿಯರ್ ಈಸ್ಟ್‌ಗೆ ಲ್ಯಾಕ್ಟೋಸ್ ಜೀರ್ಣ ಆಗುವುದಿಲ್ಲ, ಹಾಗಾಗಿ ಆ ಸಿಹಿ ಹಾಗೇ ಉಳಿದುಬಿಡುತ್ತದೆ. ಹಾಲು ಆಗದವರು ಇದರ ತಂಟೆಗೆ ಹೋಗಬೇಡಿ. ಅಮೆರಿಕದಲ್ಲಿರುವ ನಮ್ಮವರಿಗೆ ಕೊಲರಾಡೋದ ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟ್ ಸುಲಭವಾಗಿ ಸಿಗುತ್ತದೆ, 6% ಇದ್ದರೂ ಗಂಟಲಲ್ಲಿ ಜಾರುತ್ತದೆ. ಆದರೆ ನನ್ನ ಓಟು ಓಟ್‌ಮೀಲ್‌ಗೆ. ಓಟ್ಸ್ ಹಾಕಿದ್ದರಿಂದ ನಾಲಿಗೆ ಮೇಲೆ ನುಣುಪು ಬರುತ್ತದೆ, ಕಹಿಯ ಏಟು ತಗ್ಗುತ್ತದೆ, ಹಾಗಂತ ಮಿಠಾಯಿ ತಿಂದ ಹಾಗೂ ಅನಿಸುವುದಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರು ಹೆಚ್ಚುಕಡಿಮೆ ಮರೆತೇಹೋಗಿದ್ದ ಈ ಶೈಲಿಯನ್ನು 1980ರಲ್ಲಿ ಮತ್ತೆ ಶುರು ಮಾಡಿದರು. ಈಗಲೂ ಓಟ್‌ಮೀಲ್ ಸ್ಟೌಟ್ ಅಂದರೆ ಜನ ಮೊದಲು ತೋರಿಸುವುದು ಅದರ ಬಾಟಲಿಯನ್ನೇ. 5%.

ಬೆಂಗಳೂರಿನಲ್ಲಾದರೆ ಬಾಟಲಿ ಹುಡುಕಿಕೊಂಡು ಅಲೆಯುವುದಕ್ಕಿಂತ ಬ್ರೂವರಿಗೆ ಹೋಗುವುದೇ ಲೇಸು. ಸ್ಯಾಂಪಲ್ ಸಿಗುತ್ತದೆ, ಇಷ್ಟ ಆಗದಿದ್ದರೆ ನಷ್ಟ ಕಮ್ಮಿ. ಒಂದೇ ಒಂದು ಎಚ್ಚರಿಕೆ. ಮೆನುವಿನಲ್ಲಿ ಡಾರ್ಕ್ ಅಂತ ಬರೆದಿದ್ದೆಲ್ಲ ಸ್ಟೌಟ್ ಅಲ್ಲ. ಎಷ್ಟೋ ಕಡೆ ಅದು ಡುಂಕೆಲ್, ಜರ್ಮನ್ ಶೈಲಿಯ ಕಂದು ಲಾಗರ್. ಅದೂ ಚೆನ್ನಾಗಿರುತ್ತದೆ, ಬ್ರೆಡ್ಡಿನ ಅಂಚು ಕಚ್ಚಿದಂಥ ರುಚಿ, ಹುರಿದ ಕಹಿ ಇರುವುದಿಲ್ಲ. ಹಾಗಾಗಿ ಆರ್ಡರ್ ಮಾಡುವ ಮುಂಚೆ "ಇದು ಸ್ಟೌಟಾ, ಎಷ್ಟು ಪರ್ಸೆಂಟ್" ಅಂತ ಬಾಯಿಬಿಟ್ಟು ಕೇಳಿ. ಸಪ್ಲೈಯರ್‌ಗೆ ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಬಾಟಲಿಯೇ ಬೇಕು ಅಂದರೆ ನಮ್ಮ ದೇಶದ್ದೇ ಸಿಂಬಾ ಸ್ಟೌಟ್ ಇದೆ, ಅಂಗಡಿಯಲ್ಲಿ ಕಂಡರೆ ಬಿಡಬೇಡಿ.

ನೈಟ್ರೋ ಅಂತ ಬರೆದಿದ್ದರೆ ಹೊಸಬರಿಗೆ ಅದೇ ಇರಲಿ. ಸಾಮಾನ್ಯ ಬಿಯರ್‌ನಲ್ಲಿ ಇರುವುದು ಇಂಗಾಲದ ಡೈಆಕ್ಸೈಡ್, ಅದು ನಾಲಿಗೆಗೆ ಚುರುಕು ಮುಟ್ಟಿಸುತ್ತದೆ. ನೈಟ್ರೋಗೆ ಬಳಸುವ ಅನಿಲದಲ್ಲಿ ಬಹುಪಾಲು ನೈಟ್ರೋಜನ್, ಗುಳ್ಳೆಗಳು ತೀರಾ ಸಣ್ಣ, ನೊರೆ ಕೆನೆಗಟ್ಟಿದ ಹಾಗೆ ಕೂರುತ್ತದೆ. ಇದನ್ನು 1959ರಲ್ಲಿ ಗಿನ್ನೆಸ್‌ನವರು ಮಾರುಕಟ್ಟೆಗೆ ತಂದರು. ಮಾಡಿದವನು ಮೈಕೆಲ್ ಆಶ್, ಓದಿದ್ದು ಗಣಿತ. ಆ ಕಂಪನಿಗೆ ಗಣಿತದ ಹುಚ್ಚು ಮೊದಲಿಂದಲೂ ಇತ್ತು ಅನ್ನಿ. ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ನಮ್ಮ ಪ್ರಾಣ ತಿಂದ ಸ್ಟೂಡೆಂಟ್ಸ್ ಟಿ-ಟೆಸ್ಟ್ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕ ಕೂಡ ಅಲ್ಲಿಂದಲೇ ಬಂದದ್ದು. ಅಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಸ್ಟೂಡೆಂಟ್ ಅನ್ನುವ ಗುಪ್ತನಾಮದಲ್ಲಿ ಅದನ್ನು ಪ್ರಕಟಿಸಿದ. ಗ್ಲಾಸಿಗೆ ಹಾಕಿದಾಗ ಗುಳ್ಳೆಗಳು ಕೆಳಗೆ ಇಳಿದ ಹಾಗೆ ಕಾಣುತ್ತವಲ್ಲ, ಅದು ಕಣ್ಣಿನ ಮೋಸ ಅಲ್ಲ. ಗ್ಲಾಸಿನ ನಡುವೆ ಗುಳ್ಳೆ ಜಾಸ್ತಿ, ಅಲ್ಲಿ ಬಿಯರ್ ಮೇಲೇರುತ್ತದೆ, ಅಂಚಿನಲ್ಲಿ ಕೆಳಗಿಳಿಯುತ್ತಾ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾದ ಗ್ಲಾಸಿನ ಆಕಾರವೇ ಇದಕ್ಕೆ ಕಾರಣ ಅಂತ ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು 2012ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಮೊದಲ ಸಲಕ್ಕೆ ಕೊಡಬಾರದ್ದು ಇಂಪೀರಿಯಲ್ ಸ್ಟೌಟ್. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಬಿಯರ್ ಬಗ್ಗೆ ತಿಳಿದವರೇ ಈ ಕೆಲಸ ಮಾಡುವುದು. ತಮಗೆ ಅತಿ ಇಷ್ಟದ್ದನ್ನು ತಂದು ಹೊಸಬರ ಮುಂದೆ ಇಡುತ್ತಾರೆ. 9%, 10%, ಕೆಲವೊಮ್ಮೆ ಇನ್ನೂ ಜಾಸ್ತಿ. ಅರ್ಧ ಗ್ಲಾಸಿಗೆ ತಲೆ ಧಿಮ್ ಅನ್ನುತ್ತದೆ, ಆಮೇಲೆ ಅವರು ಜನ್ಮದಲ್ಲಿ ಸ್ಟೌಟ್ ಹತ್ತಿರ ಬರುವುದಿಲ್ಲ. ಶ್ರೀಲಂಕಾದ ಲಯನ್ ಸ್ಟೌಟ್ 8.8%. ಚಾಕೊಲೇಟ್, ಬೆಲ್ಲದ ಪಾಕದ ರುಚಿ, ನನಗೆ ಪ್ರಾಣ. ಕೊಲಂಬೊಗೆ ಹೋದರೆ ಕುಡಿಯಲೇಬೇಕು, ಆದರೆ ಒಂದು ಬಾಟಲಿ ಇಬ್ಬರಿಗೆ. ಗಿನ್ನೆಸ್ ಹೆಸರಲ್ಲೇ ಬರುವ ಫಾರಿನ್ ಎಕ್ಸ್‌ಟ್ರಾ 7.5%. ಡ್ರಾಫ್ಟ್ ಅಂದುಕೊಂಡು ಇದನ್ನು ತಂದುಬಿಡಬೇಡಿ.

ನಮ್ಮಲ್ಲಿ ಬಿಯರ್ ಅಂದರೆ ಚಿಲ್ಡ್ ಇದೆಯಾ ಅಂತ ಕೇಳುವುದು ಅಭ್ಯಾಸ. ಸ್ಟೌಟ್‌ಗೆ ಅಷ್ಟು ಚಳಿ ಬೇಡ. ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಬರೀ ಕಹಿ ಸಿಗುತ್ತದೆ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಗಿನ್ನೆಸ್ ಡ್ರಾಫ್ಟ್ ಕ್ಯಾನ್ ಮಾತ್ರ ಇದಕ್ಕೆ ಹೊರತು. ಅದರೊಳಗೆ ನೈಟ್ರೋಜನ್ ತುಂಬಿದ ಪುಟ್ಟ ಪ್ಲಾಸ್ಟಿಕ್ ಚೆಂಡು ಇರುತ್ತದೆ, ಕ್ಯಾನ್ ಬೆಚ್ಚಗಿದ್ದರೆ ತೆಗೆದ ಕೂಡಲೇ ನೊರೆಯೆಲ್ಲ ಟೇಬಲ್ ಪಾಲು.

ಸಸ್ಯಾಹಾರಿ ಗೆಳೆಯರು ಕೇಳುವ ಒಂದು ಪ್ರಶ್ನೆಗೂ ಉತ್ತರ ಇಲ್ಲೇ ಇರಲಿ. ಹಿಂದೆ ಗಿನ್ನೆಸ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಿದ್ದರು. ಅದನ್ನು ನಿಲ್ಲಿಸಿದ್ದಾರೆ. ಬೇರೆ ಬ್ರೂವರಿಗಳದ್ದು ಆಯಾ ಲೇಬಲ್ ನೋಡಿಯೇ ಹೇಳಬೇಕು.

ಇನ್ನು ನೆಂಚಿಕೊಳ್ಳಲು ಏನು? ಐರ್ಲೆಂಡಿನಲ್ಲಿ ಆಯ್ಸ್ಟರ್ ಜೊತೆ ಕುಡಿಯುತ್ತಾರೆ. ನಮ್ಮ ಕಡೆಯ ಖಾರದ ಸೈಡ್ಸ್ ಡ್ರೈ ಸ್ಟೌಟ್‌ಗೆ ಅಷ್ಟಾಗಿ ಒಗ್ಗುವುದಿಲ್ಲ, ಖಾರಕ್ಕೆ ಕಹಿ ಇನ್ನೂ ಎದ್ದು ಕಾಣುತ್ತದೆ. ಹುರಿದ ಗೋಡಂಬಿ ಚೆನ್ನಾಗಿ ಹೊಂದುತ್ತದೆ. ಕಾಂಗ್ರೆಸ್ ಕಡಲೆಕಾಯಿ ಅದಕ್ಕಿಂತ ಚೆನ್ನ, ಖಾರ ಹದವಾಗಿದ್ದರೆ. ಮಿಲ್ಕ್ ಸ್ಟೌಟ್ ಇದ್ದರೆ ಪಕ್ಕದಲ್ಲಿ ಒಂದು ಕಪ್ ವೆನಿಲ್ಲಾ ಐಸ್‌ಕ್ರೀಂ ಇಟ್ಟುಕೊಂಡು, ಅರ್ಧ ಸ್ಟೌಟನ್ನು ಅದರ ಮೇಲೇ ಸುರಿದುಬಿಡಿ.