ಲಕ್ಕಿ ತಪ್ಪಲ, ಇಲಿಯ ಅಂಜಿಕೆ

ಔಷಧ ವಿಜ್ಞಾನದ ಎಂ.ಫಾರ್ಮ್ ಪದವಿಯ ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಲಕ್ಕಿ ಗಿಡ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನಮ್ಮ ಗದಗ ಕಡೆ ಬಾಣಂತಿಯ ನೀರಿಗೆ, ಮೈಕೈ ನೋವಿಗೆ, ಕಾಳಿಗೆ ಹುಳ ಬೀಳದಿರಲೆಂದು ಚೀಲದೊಳಗೆ ಹಾಕಲಿಕ್ಕೂ ಅದರ ತಪ್ಪಲವೇ, ಅಂದರೆ ಎಲೆಯೇ ಬೇಕು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಅಲ್ಲಿ ಕಂಡಿದ್ದನ್ನೆಲ್ಲ ಕಿತ್ತು ತರುವಂತಿಲ್ಲ. ಲಕ್ಕಿಗೆ ಗುಡ್ಡ ಹತ್ತುವುದೂ ಬೇಕಿಲ್ಲ, ನಮ್ಮ ಹೊಲದ ಪಕ್ಕದ ಹಳ್ಳದ ದಂಡೆಗೇ ಬೇಕಾದಷ್ಟಿತ್ತು. ಹೂವಿದ್ದ ಟೊಂಗೆಯೊಂದನ್ನು ಒತ್ತಿ ಒಣಗಿಸಿ, ಇದು ವೈಟೆಕ್ಸ್ ನೆಗುಂಡೊ, ಅಂದರೆ ಲಕ್ಕಿಯೇ ಹೌದು ಎಂದು ಸಸ್ಯಶಾಸ್ತ್ರದ ಪ್ರಾಧ್ಯಾಪಕರಿಂದ ಬರೆಸಿಕೊಂಡೆ. ಉಳಿದದ್ದು ನೆರಳಲ್ಲಿ ಒಣಗಿ, ಪುಡಿಯಾಗಿ, ಸತ್ವ ಇಳಿಸುವ ಗಾಜಿನ ಉಪಕರಣವಾದ ಸಾಕ್ಸ್‌ಲೆಟ್‌ನಲ್ಲಿ ಆಲ್ಕೋಹಾಲಿಗೆ ಸಾರ ಬಿಟ್ಟುಕೊಟ್ಟು, ಕಡೆಗೆ ಡಾಂಬರಿನಂಥ ಕರಿಹಸಿರು ಅಂಟಾಯಿತು. ವಾಸನೆ ಏಪ್ರನ್ ಬಿಟ್ಟು ಹೋಗಲೇ ಇಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಣ್ಮಗಳು, ‘ಮನ್ಯಾಗ ಬಾಣಂತಿ ಅದಾರೇನವಾ?’ ಎಂದು ಕೇಳಿದಳು.

ನೋವಿನ ಪರೀಕ್ಷೆ ಸರಳ. 55 ಡಿಗ್ರಿ ಸೆಲ್ಸಿಯಸ್ ಬಿಸಿಯ ತಗಡಿನ ಮೇಲೆ ಲಕ್ಕಿ ಸಾರ ಕುಡಿಸಿದ ಬಿಳಿ ಸುಂಡಿಲಿ ಬಿಟ್ಟು, ಅದು ಕಾಲು ನೆಕ್ಕಿದ ಅಥವಾ ಜಿಗಿದ ಕೂಡಲೇ ಸ್ಟಾಪ್‌ವಾಚ್ ಒತ್ತುವುದು. 15 ಸೆಕೆಂಡಾದರೂ ನೆಕ್ಕದಿದ್ದರೆ ಎತ್ತಿಬಿಡಬೇಕು, ಇಲ್ಲದಿದ್ದರೆ ಅಂಗಾಲು ಸುಡುತ್ತದೆ. ಸರಳ ಅಂದೆ, ಮಾಡಲು ಹಿತ ಅನ್ನಲಿಲ್ಲ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿತ್ತು ಎಂಬುದರಿಂದ ಇಲಿಗೇನೂ ತಂಪಾಗುವುದಿಲ್ಲ.

ಅಂಜಿಕೆ ಅಳೆಯುವ ಪರೀಕ್ಷೆ ಮಾತ್ರ ನನಗೆ ಹಿಡಿಸಿತು. ಮೊಣಕಾಲೆತ್ತರದಲ್ಲಿ ಕೂಡಿಸುವ ಚಿಹ್ನೆಯ ಆಕಾರದ ಕಟ್ಟಿಗೆಯ ಹಾದಿ. ಎರಡು ತೋಳಿಗೆ ಗೋಡೆ, ಇನ್ನೆರಡಕ್ಕೆ ಇಲ್ಲ. ಇಲಿಗೆ ಬಯಲೂ ಅಂಜಿಕೆ, ಎತ್ತರವೂ ಅಂಜಿಕೆ. ಆದರೆ ಹೊಸ ಜಾಗ ಕಂಡರೆ ಮೂಸದೆ ಇರಲಾರದು. ಹಿಂಗಾಲು ಗೋಡೆಯ ಒಳಗೇ ಊರಿಕೊಂಡು, ಮೈಯನ್ನು ಎಳೆದೆಳೆದು ಉದ್ದ ಮಾಡಿ, ಮೀಸೆ ಅಲ್ಲಾಡಿಸುತ್ತ ಹೊರಗೆ ಇಣುಕಿ, ಸರಕ್ಕನೆ ಒಳಗೆ ಸರಿಯುತ್ತದೆ. ಅಂಜಿಕೆ ಇಳಿಸುವ ಡಯಾಜೆಪಾಮ್ ಔಷಧಿ ಕೊಟ್ಟದ್ದು ಬಯಲಿಗೆ ಬಂದು ಅಂಚಿನಿಂದ ತಲೆ ಬಗ್ಗಿಸಿ ಕೆಳಗೂ ನೋಡುತ್ತದೆ. ಐದು ನಿಮಿಷದಲ್ಲಿ ಬಯಲಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದೇ ಲೆಕ್ಕ.

ಲಕ್ಕಿಯ ದೊಡ್ಡ ಡೋಸು ಕೊಟ್ಟ ದಿನ ಇಲಿಗಳು ಬಯಲಿಗೆ ಬಂದವು. ಬಂದು, ಅಲ್ಲೇ ಕೂತವು. ಜೂನಿಯರ್ ಹುಡುಗಿ, ‘ಅಕ್ಕಾ, ಧೈರ್ಯ ಬಂತು ನೋಡ್ರಿ!’ ಎಂದು ಕುಣಿದಳು. ಹಿಂದೆ ನಿಂತಿದ್ದ ಗೈಡ್ ಸರ್ ಕೇಳಿದರು: ‘ಧೈರ್ಯ ಬಂತೋ, ನಿದ್ದಿ ಬಂತೋ? ರೋಟಾರಾಡ್ ಮ್ಯಾಲ ಬಿಟ್ಟು ನೋಡ್ರಿ.’

ರೋಟಾರಾಡ್ ಎಂದರೆ ತಿರುಗುವ ಕೋಲು. ಎಚ್ಚರವಿದ್ದ ಇಲಿ ಅದರ ಮೇಲೆ ಹೆಜ್ಜೆ ಹಾಕುತ್ತಲೇ ಇರುತ್ತದೆ. ದೊಡ್ಡ ಡೋಸಿನವು ಒಂದರ ಹಿಂದೊಂದು ಪಟಪಟ ಬಿದ್ದವು. ಸಣ್ಣ ಡೋಸಿನವು ಔಷಧಿಯಿಲ್ಲದ ಗುಂಪಿನಷ್ಟೇ ಗಟ್ಟಿಯಾಗಿ ನಡೆದವು. ತೂಕಡಿಸುವ ಇಲಿ ಕಾಲು ನೆಕ್ಕುವುದೂ ತಡವೇ, ಹಾಗಾಗಿ ನೋವಿನ ಪರೀಕ್ಷೆಯಲ್ಲಿ ಬಂದ ಒಳ್ಳೊಳ್ಳೆಯ ಅಂಕಿಗಳಿಗೂ ಸರ್ ಪೆನ್ಸಿಲ್ಲಿನಿಂದ ಪ್ರಶ್ನೆಚಿಹ್ನೆ ಹಾಕಿದರು. ಸಣ್ಣ ಡೋಸಿನ ಫಲಿತಾಂಶ ಸಣ್ಣದೇ, ಆದರೆ ಥೀಸಿಸ್‌ನಲ್ಲಿ ಎದೆ ತಟ್ಟಿ ಬರೆಯಬಹುದಾದದ್ದು ಅದೊಂದೇ. ಆ ಸಿಟ್ಟು ಇಳಿಯಲು ನನಗೆ ಒಂದು ರಾತ್ರಿ ಹಿಡಿಯಿತು.

ಊರಿಗೆ ಹೋದಾಗ ಆಯಿಗೆ ಎಲ್ಲ ಹೇಳಿದೆ. ಆಕೆಗೆ ಇಲಿಯ ಚಿಂತೆಯೇ ಬೇರೆ. ‘ಕುಡಿಸಿದ್ಯಾ? ನನ್ನ ಮೊಣಕಾಲಿಗೆ ನಾ ಎಂದಾರ ಲಕ್ಕಿ ಕುಡದೀನೇನ? ನೀರಾಗ ಕುದಿಸಿ ಹುಯ್ಕೋತೀನಿ, ತಪ್ಪಲ ಬಿಸಿ ಮಾಡಿ ಕಟಗೋತೀನಿ.’

ಮಾತು ಖರೆ. ನಾನು ಪರೀಕ್ಷೆ ಮಾಡಿದ್ದು ಗಿಡವನ್ನು, ಆಯಿಯ ಮದ್ದನ್ನಲ್ಲ. ಅವಳ ಮದ್ದನ್ನು ಪರೀಕ್ಷಿಸಬೇಕೆಂದರೆ ಬರೀ ಬಿಸಿನೀರು ಎಷ್ಟು ನೋವು ಎಳೆಯುತ್ತದೆ, ಲಕ್ಕಿ ಎಷ್ಟು ಎಂದು ಬೇರ್ಪಡಿಸಬೇಕು, ಅದೂ ಯಾವ ನೀರು ಯಾವುದೆಂದು ಅವಳಿಗೆ ಗೊತ್ತಾಗದಂತೆ. ಆ ವಾಸನೆಯನ್ನು ಎಲ್ಲಿ ಬಚ್ಚಿಡುವುದು? ಲಕ್ಕಿ ವಾಸನೆಯಿಲ್ಲದ ಬೇರೆ ತಪ್ಪಲ ಹಾಕಿದ ನೀರು ಕೊಟ್ಟರೆ ನಡೆದೀತೇ ಎಂದು ಕೇಳಿದೆ.

‘ಅಂಥಾ ನೀರು ನಿಮ್ಮ ಸರ್‌ಗೆ ಹುಯ್ಯಿ’ ಅಂದಳು ಆಯಿ.