ಬಿಟ್‌ಗೆ 10 ಫೋಟಾನ್ ಸಾಕು, ಆದರೂ 8000 ಯಾಕೆ?

ಆಪ್ಟಿಕಲ್ ಫೈಬರ್‌ನಲ್ಲಿ ಡೇಟಾ ಕಳಿಸುವಾಗ 1 ಅಂದರೆ ಬೆಳಕು ಇದೆ, 0 ಅಂದರೆ ಇಲ್ಲ. ಫೈಬರ್‌ನ ಕೊನೆಯಲ್ಲಿ ಕೂತ ರಿಸೀವರ್ ನೋಡಬೇಕಾದ್ದು ಇಷ್ಟೇ, ಬಂತಾ ಇಲ್ವಾ ಅಂತ. ಇದಕ್ಕೆ ಕನಿಷ್ಠ ಎಷ್ಟು ಬೆಳಕು ಬೇಕು ಅನ್ನೋ ಪ್ರಶ್ನೆ ನನಗೆ ಬಹಳ ಇಷ್ಟ.

ರಿಸೀವರ್‌ನಲ್ಲಿ ಯಾವ ನಾಯ್ಸೂ (ಸಿಗ್ನಲ್ ಜೊತೆ ಸೇರುವ ಬೇಡದ ಏರಿಳಿತ) ಇಲ್ಲ ಅಂದುಕೊಳ್ಳಿ. ಆಗಲೂ ಒಂದು ತೊಂದರೆ ಉಳಿಯುತ್ತದೆ. ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಎಣಿಸಿಕೊಂಡು ಬರುವುದಿಲ್ಲ. ಸರಾಸರಿ 20 ಅಂದರೆ ಒಮ್ಮೆ 16, ಒಮ್ಮೆ 25, ತೀರಾ ಅಪರೂಪಕ್ಕೆ ಒಂದೂ ಇಲ್ಲ. ಒಂದೂ ಬರದಿದ್ದಾಗ, ಕಳಿಸಿದ್ದು 1 ಆದರೂ ರಿಸೀವರ್ 0 ಅಂತಲೇ ಓದುತ್ತದೆ. ನೂರು ಕೋಟಿ ಬಿಟ್‌ನಲ್ಲಿ ಒಂದು ತಪ್ಪಿದರೆ ಪರವಾಗಿಲ್ಲ ಅಂತ ಒಪ್ಪಿಕೊಂಡರೆ, ಪ್ರತಿ 1ಕ್ಕೆ ಸರಾಸರಿ 20 ಫೋಟಾನ್ ಬೇಕು. 0ಗೆ ಏನೂ ಬೇಡ. ಹಾಗಾಗಿ ಸರಾಸರಿ ಬಿಟ್‌ಗೆ 10. ಇದೇ ಕ್ವಾಂಟಮ್ ಲಿಮಿಟ್.

ಈಗ ನಿಜವಾದ ರಿಸೀವರ್‌ಗೆ ಬನ್ನಿ. 10 ಜಿಬಿಪಿಎಸ್‌ನ (ಸೆಕೆಂಡಿಗೆ ಸಾವಿರ ಕೋಟಿ ಬಿಟ್) ಒಂದು ಪಿನ್ ಫೋಟೋಡಯೋಡ್ (ಬೆಳಕನ್ನು ಕರೆಂಟ್ ಮಾಡುವ ಸಾಧನ) ರಿಸೀವರ್‌ಗೆ ಸುಮಾರು ಮೈನಸ್ 20 ಡಿಬಿಎಂ, ಅಂದರೆ 10 ಮೈಕ್ರೋವ್ಯಾಟ್ ಬೆಳಕು ಬೇಕು. 1550 ನ್ಯಾನೋಮೀಟರ್ ತರಂಗಾಂತರದಲ್ಲಿ ಇದು ಬಿಟ್‌ಗೆ ಸುಮಾರು 8000 ಫೋಟಾನ್!

ಫೋಟೋಡಯೋಡ್‌ನದ್ದು ತಪ್ಪಲ್ಲ, ಬಂದ ಫೋಟಾನ್‌ಗಳಲ್ಲಿ ಹೆಚ್ಚಿನವನ್ನು ಅದು ಹಿಡಿಯುತ್ತದೆ. 1 ಬಂದಾಗ ಅದು ಕೊಡುವ ಕರೆಂಟ್ 18 ಮೈಕ್ರೋಆಂಪ್ ಅಂತಿಟ್ಟುಕೊಳ್ಳಿ. 7 ಗಿಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಅದರ ಶಾಟ್ ನಾಯ್ಸ್, ಅಂದರೆ ಫೋಟಾನ್‌ಗಳು ಎಣಿಸಿಕೊಂಡು ಬರದಿರುವುದರಿಂದ ಆಗುವ ಏರಿಳಿತ, ಬರೀ 0.2 ಮೈಕ್ರೋಆಂಪ್. ಅದೇ ಬ್ಯಾಂಡ್‌ವಿಡ್ತ್‌ನಲ್ಲಿ, ಆ ಕರೆಂಟನ್ನು ವೋಲ್ಟೇಜ್ ಮಾಡುವ ಒಂದು 50 ಓಮ್ ರೆಸಿಸ್ಟರ್, ಸುಮ್ನೆ ಬೆಚ್ಚಗೆ ಕೂತಿರುವುದಕ್ಕೇ, 1.5 ಮೈಕ್ರೋಆಂಪ್ ನಾಯ್ಸ್ ಕೊಡುತ್ತದೆ. 1928ರಲ್ಲಿ ಭೌತವಿಜ್ಞಾನಿಗಳಾದ ಜಾನ್ಸನ್ ಅಳತೆಗಳನ್ನೂ, ನೈಕ್ವಿಸ್ಟ್ ವಿವರಣೆಯನ್ನೂ ಪ್ರಕಟಿಸಿದರಲ್ಲ, ಅದೇ ಥರ್ಮಲ್ ನಾಯ್ಸ್. ಆ 8000 ಫೋಟಾನ್‌ಗಳಲ್ಲಿ ಬಹುಪಾಲು ಬೇಕಾಗುವುದು ಈ ರೆಸಿಸ್ಟರ್ ಮತ್ತು ಆಂಪ್ಲಿಫಯರ್‌ನ ಗದ್ದಲವನ್ನು ದಾಟುವುದಕ್ಕೆ. ರಿಸೀವರ್ ಡಿಸೈನ್‌ನ ನಿಜವಾದ ಜಗಳ ಬೆಳಕಿನ ಜೊತೆಗಲ್ಲ, ಆ ಮೊದಲ ಕೆಲವು ಭಾಗಗಳ ಜೊತೆ.

ರೆಸಿಸ್ಟರ್ ದೊಡ್ಡದು ಹಾಕಿದರಾಯ್ತು, ನಾಯ್ಸ್ ಕರೆಂಟ್ ಕಡಿಮೆಯಾಗುತ್ತದೆ, ಅಲ್ವಾ? ಹೌದು, ಆದರೆ ಡಯೋಡ್‌ನ ಕೆಪ್ಯಾಸಿಟನ್ಸ್ (ಚಾರ್ಜ್ ಹಿಡಿದಿಡುವ ಗುಣ) ಜೊತೆ ಸೇರಿ ಅದು ಸರ್ಕ್ಯೂಟನ್ನು ನಿಧಾನ ಮಾಡುತ್ತದೆ, ಒಂದು ಬಿಟ್ ಇಳಿಯುವ ಮೊದಲೇ ಇನ್ನೊಂದು ಬಂದು ಎರಡೂ ಕಲಸಿಹೋಗುತ್ತವೆ. ಇಲ್ಲೇ ಟ್ರಾನ್ಸಿಂಪಿಡೆನ್ಸ್ ಆಂಪ್ಲಿಫಯರ್‌ನ, ಅಂದರೆ ಕರೆಂಟ್ ತೆಗೆದುಕೊಂಡು ವೋಲ್ಟೇಜ್ ಕೊಡುವ ಆಂಪ್ಲಿಫಯರ್‌ನ, ಜಾಣತನ ಇರುವುದು. ದೊಡ್ಡ ರೆಸಿಸ್ಟರನ್ನು ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ) ಹಾಕಿದಾಗ ಡಯೋಡ್‌ಗೆ ಅದು ಆಂಪ್ಲಿಫಯರ್ ಹಿಗ್ಗಿಸುವ ಪ್ರಮಾಣದಷ್ಟು, ಅಂದರೆ ಗೇನ್‌ನಷ್ಟು, ಪಟ್ಟು ಚಿಕ್ಕದಾಗಿ ಕಾಣುತ್ತದೆ, ನಾಯ್ಸ್ ಮಾತ್ರ ದೊಡ್ಡ ರೆಸಿಸ್ಟರ್‌ನದ್ದೇ, ಅಂದರೆ ಕಡಿಮೆ. ಡಯೋಡ್ ಮತ್ತು ಆಂಪ್ಲಿಫಯರನ್ನು ಒಂದೇ ಪ್ಯಾಕೇಜಿನಲ್ಲಿ ಅಂಟಿಕೊಂಡಂತೆ ಇಡುವುದೂ ಆ ಕೆಪ್ಯಾಸಿಟನ್ಸ್ ಬೆಳೆಯದಿರಲಿ ಅಂತಲೇ.

ಎಪಿಡಿ (ಅವಲಾಂಚ್ ಫೋಟೋಡಯೋಡ್, ಕರೆಂಟನ್ನು ತನ್ನೊಳಗೇ ಹಿಗ್ಗಿಸುವ ಡಯೋಡ್) ಹಾಕಿದರೆ ಎಲ್ಲ ಸರಿ ಅನ್ನುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಅದು ಸಿಗ್ನಲನ್ನು ಆಂಪ್ಲಿಫಯರ್‌ಗಿಂತ ಮುಂಚೆಯೇ ಹಿಗ್ಗಿಸುತ್ತದೆ, ನಿಜ. ಆದರೆ ಒಂದೊಂದು ಎಲೆಕ್ಟ್ರಾನನ್ನು ಒಂದೊಂದು ಸಲ ಬೇರೆ ಬೇರೆ ಪಟ್ಟು ಹಿಗ್ಗಿಸುವುದರಿಂದ ಶಾಟ್ ನಾಯ್ಸ್ ಸಿಗ್ನಲ್‌ಗಿಂತ ಜೋರಾಗಿ ಬೆಳೆಯುತ್ತದೆ. ಥರ್ಮಲ್ ನಾಯ್ಸ್ ಮೇಲುಗೈ ಇರುವವರೆಗೆ ಲಾಭ, ಆಮೇಲೆ ಗೇನ್ ಏರಿಸಿದಷ್ಟೂ ನಷ್ಟ.

ರಿಸೀವರ್ ಮುಂದೆ ಬೆಳಕನ್ನೇ ಹಿಗ್ಗಿಸುವ ಆಪ್ಟಿಕಲ್ ಆಂಪ್ಲಿಫಯರ್ ಇದ್ದರಂತೂ ಲೆಕ್ಕವೇ ಬೇರೆ. ಆಗ ನಾಯ್ಸ್ ಬೆಳಕಿನ ಜೊತೆಗೇ ಬಂದುಬಿಡುತ್ತದೆ, ಅದೂ 1 ಬಂದಾಗಲೇ ಜಾಸ್ತಿ. ಆದ್ದರಿಂದ ಥ್ರೆಶೋಲ್ಡನ್ನು, ಅಂದರೆ ಬಂದದ್ದು 1 ಅಥವಾ 0 ಅಂತ ತೀರ್ಮಾನಿಸುವ ಗಡಿಯನ್ನು, 1 ಮತ್ತು 0ಗಳ ನಟ್ಟನಡುವೆ ಇಡಬೇಡಿ, 0ಯ ಕಡೆಗೆ ಇಳಿಸಿ. ಅಷ್ಟು ಮಾಡಿದರೇ ತಪ್ಪುಗಳು ಎದ್ದು ಕಾಣುವಷ್ಟು ಇಳಿಯುತ್ತವೆ.